ಜಾವಾಕ್ಕೆ ರೋಡ್‌ಕಿಂಗ್ ಟ್ಯಾಂಕು

ಮೊದಲೇ ಹೇಳಿಬಿಡುತ್ತೇನೆ, ನಾನು ಮೆಕ್ಯಾನಿಕ್ ಅಲ್ಲ. ಬಿ.ಕಾಂ. ಮುಗಿಸಿ ಬ್ಯಾಂಕು ಸೇರಿ ಮೂವತ್ತು ಚಿಲ್ಲರೆ ವರ್ಷ ಡೆಬಿಟ್ಟು-ಕ್ರೆಡಿಟ್ಟು ನೋಡಿಕೊಂಡು ಬಂದವನು. ಸ್ಪ್ಯಾನರ್ ಹಿಡಿದದ್ದಕ್ಕಿಂತ ರಬ್ಬರ್ ಸ್ಟಾಂಪು ಹಿಡಿದದ್ದೇ ಹೆಚ್ಚು. ಹಾಗಿದ್ದೂ ಕಳೆದ ಏಳು ತಿಂಗಳಲ್ಲಿ ನನ್ನ ಎಲ್ಲ ಭಾನುವಾರಗಳನ್ನೂ, ಜೊತೆಗೆ ಎರಡನೇ ಮತ್ತು ನಾಲ್ಕನೇ ಶನಿವಾರಗಳನ್ನೂ ಒಂದು ಪೆಟ್ರೋಲ್ ಟ್ಯಾಂಕು ನುಂಗಿ ನೀರು ಕುಡಿಯಿತು. "ಒಂದು ಬೈಕಿನ ಟ್ಯಾಂಕು ತೆಗೆದು ಇನ್ನೊಂದಕ್ಕೆ ಕೂರಿಸೋದ್ರಲ್ಲಿ ಅಂಥಾದ್ದೇನಿದೆ ರೀ?" ಅಂತ ನನ್ನವಳು ಕೇಳಿದ್ದಳು. ಅಂಥಾದ್ದು ಬಹಳ ಇದೆ. ಅದನ್ನು ಹೇಳೋಣ ಅಂತಲೇ ಇವತ್ತು ಕೂತಿದ್ದೇನೆ.

ಗಾಡಿ ನನ್ನದಲ್ಲ, ಭಾವನವರದು. ಭಾವ ಅಂದರೆ ನಮ್ಮ ದೊಡ್ಡಕ್ಕನ ಯಜಮಾನರು. ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರು. ಅಲ್ಲೇ ತಯಾರಾದ ಜಾವಾ 250 ಗಾಡಿಯನ್ನು 1969ರಲ್ಲಿ ಕೊಂಡರು. ಅದರ ನಂಬರು ಇವತ್ತಿಗೂ 'ಎಂವೈ' ಅಂತಲೇ ಶುರುವಾಗುತ್ತದೆ. ನಮ್ಮ ರಾಜ್ಯಕ್ಕೆ ಇನ್ನೂ ಮೈಸೂರು ರಾಜ್ಯ ಅನ್ನುವ ಹೆಸರಿದ್ದ ಕಾಲದ್ದು. ನಾನು ಚಿಕ್ಕವನಿದ್ದಾಗ ಅದೇ ಗಾಡಿಯ ಟ್ಯಾಂಕಿನ ಮೇಲೆ ಕೂತು ನಂಜನಗೂಡಿನಿಂದ ದಸರಾ ನೋಡಲು ಹೋಗಿದ್ದೇನೆ. ಆಗ ಮಕ್ಕಳ ಸೀಟು ಅಂದರೆ ಟ್ಯಾಂಕೇ ತಾನೇ! ಬಿಸಿಲಿಗೆ ಕಾದ ಕ್ರೋಮು ತೊಡೆಗೆ ಚುರ್ ಅನ್ನುತ್ತಿತ್ತು.

ಜಾವಾ ಕತೆ ಮೈಸೂರಿನವರಿಗೆ ಗೊತ್ತಿರುತ್ತದೆ, ಉಳಿದವರಿಗಾಗಿ ಎರಡು ಮಾತು. ಚೆಕೊಸ್ಲೊವಾಕಿಯಾದ ಯಾನೆಚೆಕ್ ಅನ್ನುವವನು 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್‌ಸೈಕಲ್ ವಿಭಾಗ ಕೊಂಡು, ತನ್ನ ಹೆಸರಿನ 'ಜಾ', ಅವರ ಹೆಸರಿನ 'ವಾ' ಸೇರಿಸಿ ಜಾವಾ ಮಾಡಿದ. ಆ ಗಾಡಿಯನ್ನು ಲೈಸೆನ್ಸಿನ ಮೇಲೆ ಮೈಸೂರಲ್ಲಿ ತಯಾರಿಸಲು ಇರಾನಿ ಮನೆತನದವರು 1960ರಲ್ಲಿ ಕಂಪನಿ ಕಟ್ಟಿದರು. 1961ರಲ್ಲಿ ಕಾರ್ಖಾನೆ ಉದ್ಘಾಟಿಸಿದವರು ಜಯಚಾಮರಾಜ ಒಡೆಯರು. 1973ರಿಂದ ಅದೇ ಕಾರ್ಖಾನೆಯ ಗಾಡಿಗಳಿಗೆ ಯೆಜ್ಡಿ ಅಂತ ಹೆಸರಾಯಿತು. 1978ರಲ್ಲಿ ರೋಡ್‌ಕಿಂಗ್ ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಭಾವ ಕೊನೆಯವರೆಗೂ ಅಲ್ಲೇ ಇದ್ದರು. ಈಗ ಜಾವಾ, ಯೆಜ್ಡಿ ಎರಡೂ ಹೆಸರು ಬೇರೆ ಕಂಪನಿಯ ಕೈಲಿ ಮತ್ತೆ ಬಂದಿವೆ. ಆದರೆ ಅವು ಫೋರ್ ಸ್ಟ್ರೋಕು. ಆ 'ಡಬ್ ಡಬ್ ಡಬ್' ಇಲ್ಲ, ಆ ನೀಲಿ ಹೊಗೆಯೂ ಇಲ್ಲ.

ಭಾವನವರಿಗೆ ಈಗ 81. ಗ್ಲಾಕೋಮಾದಿಂದ ಕಣ್ಣು ಮುಕ್ಕಾಲು ಹೋಗಿದೆ. ಗಾಡಿ ಓಡಿಸುವ ಮಾತೇ ಇಲ್ಲ. ಮೈಸೂರಿನ ಮನೆಯ ಷೆಡ್ಡಿನಲ್ಲಿ ಜಾವಾ ಇಪ್ಪತ್ತು ವರ್ಷದಿಂದ ನಿಂತೇ ಇತ್ತು. ಒಂದು ದಿನ ಫೋನ್ ಮಾಡಿ ಅಂದರು, "ನನ್ನ ಕೈಲಿ ಓಡಿಸಕ್ಕಾಗಲ್ಲ ಕಣಯ್ಯಾ. ನೀನು ಓಡಿಸು, ನಾನು ಹಿಂದೆ ಕೂತ್ಕೋತೀನಿ. ಒಂದ್ಸಲ ಸಾಕು." ಇಲ್ಲ ಅನ್ನುವುದಾದರೂ ಹೇಗೆ? ಮೈಸೂರಿನಿಂದ ಕಾಚಿಗುಡಕ್ಕೆ ನೇರ ರೈಲಿದೆ. ಗಾಡಿಯನ್ನು ಪಾರ್ಸೆಲ್ ಮಾಡಿದೆವು. ರೈಲಿನಲ್ಲಿ ಬೈಕು ಕಳಿಸುವಾಗ ಟ್ಯಾಂಕು ಖಾಲಿ ಮಾಡಿಸಬೇಕು ಅಂತ ನಿಯಮ. ನಮಗೆ ಆ ಶ್ರಮವೇ ಬೀಳಲಿಲ್ಲ, ಏಕೆಂದರೆ ಆ ಟ್ಯಾಂಕಿನಲ್ಲಿ ಏನೂ ನಿಲ್ಲುತ್ತಲೇ ಇರಲಿಲ್ಲ!

ಕ್ಯಾಪ್ ತೆಗೆದು ಟಾರ್ಚು ಬಿಟ್ಟರೆ ತಳದಲ್ಲಿ ನಕ್ಷತ್ರ ಕಾಣುತ್ತಿತ್ತು. ಕೆಳಗಿನ ಜೋಡಣೆಯ ಉದ್ದಕ್ಕೂ ಸಾಲಾಗಿ ಸೂಜಿಮೊನೆಯ ತೂತುಗಳು. ಹಳೆಯ ಕಾಲದ ಉಪಾಯವೆಂದರೆ ಬಟ್ಟೆ ಸೋಪು ತಿಕ್ಕುವುದು. ಪೆಟ್ರೋಲಿಗೆ ಸೋಪು ಕರಗುವುದಿಲ್ಲ, ಊರು ಮುಟ್ಟುವವರೆಗೆ ತಡೆಯುತ್ತದೆ. ಭಾವ ಸೋಪು ಹಚ್ಚಿದ್ದರು, ಅದರ ಮೇಲೆ ಎಂ-ಸೀಲ್ ಹಚ್ಚಿದ್ದರು, ಅದರ ಮೇಲೆ ಬಣ್ಣ ಹೊಡೆದಿದ್ದರು. ಈಗ ಆ ಮೂರೂ ಪದರ ಕಿತ್ತರೆ ತಗಡು ಹಪ್ಪಳ. ಅದನ್ನು ಉಳಿಸಬೇಕೆಂದರೆ ತಳ ಪೂರ್ತಿ ಕತ್ತರಿಸಿ ಹೊಸದು ಕೂರಿಸಬೇಕು. ಆಮೇಲೆ ಎರಡೂ ಮಗ್ಗುಲಿಗೆ ಕ್ರೋಮು ಮಾಡಿಸಬೇಕು. ಕೇಳಿದ ಕಡೆಯೆಲ್ಲ ಒಂದು ವರ್ಷ ಅಂದರು. ಮಾರುಕಟ್ಟೆಯಲ್ಲಿ ಸಿಗುವ ನಕಲು ಟ್ಯಾಂಕು ಒಂದು ತರಿಸಿ ನೋಡಿದೆ. ತಗಡು ತೆಳು, ಬೋಲ್ಟಿನ ತೂತು ಒಂದೂ ನೇರ ಕೂರಲಿಲ್ಲ, ವಾಪಸು ಕಳಿಸಿದೆ. ಕ್ರೋಮು ಒಂದು ವರ್ಷ ಕಾಯುತ್ತದೆ. 81ರ ಭಾವನವರನ್ನು ಕಾಯಿಸುವುದು ಹೇಗೆ?

ಪರಿಹಾರ ಅವರೇ ಹೇಳಿದರು. ಎಂಬತ್ತರ ದಶಕದಲ್ಲಿ ಅವರು ಒಂದು ರೋಡ್‌ಕಿಂಗ್ ಕೂಡ ಇಟ್ಟುಕೊಂಡಿದ್ದರು. ಅದು ಆಕ್ಸಿಡೆಂಟಾಗಿ ಗುಜರಿಗೆ ಹೋಯಿತು, ಟ್ಯಾಂಕು ಮಾತ್ರ ಅಟ್ಟದ ಮೇಲೆ ಉಳಿದಿತ್ತು. "ಅದನ್ನೇ ಹಾಕ್ಸು. ಅದೂ ನಂದೇ, ಇದೂ ನಂದೇ" ಅಂದರು.

ಆಗ ಎದ್ದ ನೋಡಿ ನನ್ನ ಸೋದರಳಿಯ, ಬೆಂಗಳೂರಿನಿಂದ. "ಮಾವ, ದಯವಿಟ್ಟು ಬೇಡ. ಗಾಡಿ ಒರಿಜಿನಲ್ ಇರ್ಬೇಕು. ನಾನು ವಿಂಟೇಜ್ ನಂಬರ್ ಮಾಡಿಸ್ಬೇಕು ಅಂತಿದೀನಿ." ಅವನ ಮಾತಲ್ಲೂ ಹುರುಳಿತ್ತು. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆಂದೇ ನಿಯಮ ತಂದಿದೆ. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು. ಮೂಲ ರೂಪದಲ್ಲೇ ಇರಬೇಕು. ಚಾಸಿ, ಬಾಡಿ ಷೆಲ್, ಎಂಜಿನ್ ಮಾರ್ಪಡಿಸುವಂಥ ದೊಡ್ಡ ಬದಲಾವಣೆ ಆಗಿರಬಾರದು. 20,000 ರೂಪಾಯಿ ಶುಲ್ಕ ಕಟ್ಟಿದರೆ 'ವಿಎ' ಅಕ್ಷರದ ನಂಬರು, 10 ವರ್ಷದ ಅವಧಿಗೆ. ನವೀಕರಣಕ್ಕೆ 5,000. ಆದರೆ ಆ ನಂಬರಿನ ಗಾಡಿಯನ್ನು ದಿನಾ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಪೆಟ್ರೋಲು ಹಾಕಿಸುವುದು, ರಿಪೇರಿ ಇಂಥವಕ್ಕೆ ಮಾತ್ರ. ಈ ಕೊನೆಯ ಮಾತು ಕೇಳಿ ಭಾವ ಕೆರಳಿದರು. "ನಾನು ಓಡ್ಸಿದ್ದು ಗಾಡಿ. ಷೋಕೇಸ್ ಗೊಂಬೆ ಅಲ್ಲ!"

ಅಪ್ಪ-ಮಗ ಎರಡು ವಾರ ಮಾತಾಡಲಿಲ್ಲ. ಅಕ್ಕ ನನಗೆ ಫೋನ್ ಮಾಡಿ, "ಒಂದು ಟ್ಯಾಂಕಿನ ಸಲುವಾಗಿ ಮನೇಲಿ ಊಟ ಎರಡು ಪಂಕ್ತಿ ಆಗಿದೆ, ಏನಾದ್ರೂ ಮಾಡೋ" ಅಂದಳು.

ಇಲ್ಲಿ ನನ್ನ ಬ್ಯಾಂಕ್ ಬುದ್ಧಿ ಕೆಲಸಕ್ಕೆ ಬಂತು. ವಾಹನ ಸಾಲ ಕೊಡುವಾಗ ನಾವು ಅಡಮಾನ ಬರೆಸಿಕೊಳ್ಳುವುದು ಯಾವುದರ ಮೇಲೆ? ಬಣ್ಣದ ಮೇಲಲ್ಲ, ಟ್ಯಾಂಕಿನ ಮೇಲಲ್ಲ. ಚಾಸಿ ನಂಬರು, ಎಂಜಿನ್ ನಂಬರಿನ ಮೇಲೆ. ಬೈಕಿನ ಮಟ್ಟಿಗೆ ಚಾಸಿ ಅಂದರೆ ಫ್ರೇಮು. ಗಾಡಿ ಅನ್ನುವುದು ಕಾಗದದಲ್ಲಿ ಇರುವುದು ಅಲ್ಲಿ. ಟ್ಯಾಂಕು, ಸೀಟು, ಹ್ಯಾಂಡಲ್ಲು ಎಲ್ಲ ಬಂದು ಹೋಗುವ ನೆಂಟರು. ಹಾಗಾಗಿ ಇಬ್ಬರಿಗೂ ಒಂದೇ ಪತ್ರ ಬರೆದೆ. ರೋಡ್‌ಕಿಂಗ್ ಟ್ಯಾಂಕು ಹಾಕುತ್ತೇನೆ, ಆದರೆ ಮೂರು ಷರತ್ತು. ಒಂದು, ಫ್ರೇಮಿಗೆ ಗರಗಸ, ವೆಲ್ಡಿಂಗು, ಡ್ರಿಲ್ಲು ಯಾವುದೂ ಮುಟ್ಟಕೂಡದು. ಎರಡು, ಹಾಕಿದ್ದೆಲ್ಲ ಬರೀ ಸ್ಪ್ಯಾನರಿನಿಂದ ಬಿಚ್ಚುವಂತಿರಬೇಕು. ಮೂರು, ಹಳೆಯ ಟ್ಯಾಂಕು ಗುಜರಿಗೆ ಹೋಗಕೂಡದು, ಅದರ ರಿಪೇರಿ ಅದರ ಪಾಡಿಗೆ ನಡೆಯಲಿ. ವಿಎ ಅರ್ಜಿ ಹಾಕುವ ದಿನ ಹಳೆಯದು ವಾಪಸು ಏರುತ್ತದೆ. ಎರಡು ದಿನದ ಮೇಲೆ ಇಬ್ಬರಿಂದಲೂ 'ಸರಿ' ಅಂತ ಬಂತು.

ಒಪ್ಪಿಸುವುದು ಸುಲಭ, ಕೂರಿಸುವುದು ಕಷ್ಟ. ಎರಡೂ ಮೈಸೂರಲ್ಲೇ ಹುಟ್ಟಿದರೂ ಜಾವಾ 250ರ ಫ್ರೇಮೇ ಬೇರೆ, ರೋಡ್‌ಕಿಂಗಿನ ಫ್ರೇಮೇ ಬೇರೆ. ಮೊದಲು ತೋರಿಸಿದ ಮೆಕ್ಯಾನಿಕ್ ನೋಡಿದವನೇ, "ಈ ಲಗ್ ಕತ್ತರಿಸಿ ಒಂದೂವರೆ ಇಂಚು ಹಿಂದೆ ವೆಲ್ಡ್ ಮಾಡಿದ್ರೆ ಸಾಯಂಕಾಲಕ್ಕೆ ರೆಡಿ ಸಾರ್" ಅಂದ. ಕೈ ಮುಗಿದು ಬಂದೆ. ಆಮೇಲೆ ಸಿಕ್ಕವರು ನಮ್ಮ ಉಸ್ತಾದರು. ಗ್ಯಾಸ್ ವೆಲ್ಡಿಂಗಿನ ಹಳೆಯ ಕೈ, ಅರವತ್ತೈದು ದಾಟಿದವರು. ಫ್ರೇಮು ನೋಡಿ, ಚಾಸಿ ನಂಬರಿನ ಮೇಲಿನ ಧೂಳು ಬೆರಳಲ್ಲಿ ಒರೆಸಿ, ನಾನು ಬಾಯಿ ತೆರೆಯುವ ಮೊದಲೇ ಅಂದರು, "ಫ್ರೇಮ್ ಕು ಹಾತ್ ನಕ್ಕೋ ಲಗಾವ್ ಸಾಬ್." ನಕ್ಕೋ ಅಂದರೆ ಬೇಡ. ಹೈದರಾಬಾದಿಗೆ ಬಂದ ಹೊಸದರಲ್ಲಿ ನಾನು ಕಲಿತ ಮೊದಲ ಮಾತೇ ಅದು. ಇನ್ನೊಂದು 'ಹೌ', ನಮ್ಮ 'ಹೌದು' ಅರ್ಧಕ್ಕೆ ನಿಂತ ಹಾಗೆ. ಇವೆರಡು ಕಲಿತರೆ ಈ ಊರಲ್ಲಿ ಅರ್ಧ ಬದುಕು ಸಾಗುತ್ತದೆ.

ಕೆಲಸ ಶುರುವಾದದ್ದು ಕಬ್ಬಿಣದಿಂದಲ್ಲ, ರಟ್ಟಿನಿಂದ. ಮನೆಯಲ್ಲಿದ್ದ ಹಳೆಯ ಡಬ್ಬಿಗಳ ರಟ್ಟು ಕತ್ತರಿಸಿ ಫ್ರೇಮಿನ ಬೆನ್ನಿಗೆ ಅಡ್ಡಲಾಗಿ ಹಿಡಿದು ಅಚ್ಚು ತೆಗೆದೆವು. ಬೈಕಿನ ಟ್ಯಾಂಕನ್ನು ಕವುಚಿ ನೋಡಿದರೆ ಮಧ್ಯೆ ಒಂದು ಕಾಲುವೆ ಇರುತ್ತದೆ. ಕುದುರೆಯ ಮೇಲೆ ಜೀನು ಕೂರುವಂತೆ ಅದು ಫ್ರೇಮಿನ ಮೇಲೆ ಕೂರುತ್ತದೆ. ನಮ್ಮ ಪುಣ್ಯಕ್ಕೆ ರೋಡ್‌ಕಿಂಗ್ ಟ್ಯಾಂಕಿನ ಕಾಲುವೆ ಜಾವಾ ಫ್ರೇಮಿಗಿಂತ ಅಗಲವಿತ್ತು, ಎರಡೂ ಕಡೆ ಅರ್ಧ ಬೆರಳಿನಷ್ಟು ಜಾಗ. ಇಕ್ಕಟ್ಟಾಗಿದ್ದರೆ ಟ್ಯಾಂಕಿನ ಹೊಟ್ಟೆಯನ್ನೇ ಕೊಯ್ಯಬೇಕಾಗುತ್ತಿತ್ತು. ಆದರೆ ಮುಂದಿನ ಬೋಲ್ಟು ಒಂದೂವರೆ ಇಂಚು ಆಚೆ, ಹಿಂದಿನ ನಾಲಿಗೆ ಗಾಳಿಯಲ್ಲಿ. ಜೊತೆಗೆ ಪೆಟ್ರೋಲ್ ಕಾಕ್ ಕೆಳಗಿಳಿದು ಕಾರ್ಬುರೇಟರಿನ ಮುಚ್ಚಳಕ್ಕೆ ಬಡಿಯುತ್ತಿತ್ತು. ಹಳೆಯ ಜಾವಾದಲ್ಲಿ ಕಾರ್ಬುರೇಟರ್ ಹೊರಗೆ ಕಾಣುವುದಿಲ್ಲ, ಮುಚ್ಚಳದೊಳಗೆ ಮರ್ಯಾದೆಯಾಗಿ ಕೂತಿರುತ್ತದೆ.

ಇಂಥ ಕೆಲಸಕ್ಕೆ ಕೈ ಹಾಕುವವರು ನೋಡಬೇಕಾದ ಇನ್ನೆರಡು ಅಳತೆ ಇದೆ. ಒಂದು, ಹ್ಯಾಂಡಲ್ಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿದಾಗ ಟ್ಯಾಂಕಿಗೂ ಹ್ಯಾಂಡಲ್ಲಿಗೂ ನಡುವೆ ಹೆಬ್ಬೆರಳು ತೂರುವಷ್ಟು ಜಾಗ ಬೇಕು. ಇಲ್ಲದಿದ್ದರೆ ಯೂ ಟರ್ನ್ ಹೊಡೆಯುವಾಗ ಬೆರಳು ಸಿಕ್ಕಿಕೊಳ್ಳುತ್ತದೆ, ಗಾಡಿ ಮಗುಚುತ್ತದೆ. ಇನ್ನೊಂದು, ಟ್ಯಾಂಕು ಕೂತ ವಾಲು. ಈ ಗಾಡಿಗಳಲ್ಲಿ ಪೆಟ್ರೋಲಿಗೆ ಪಂಪಿಲ್ಲ, ತನ್ನ ತೂಕಕ್ಕೆ ತಾನೇ ಇಳಿಯಬೇಕು. ಕಾಕ್ ಇರುವ ಜಾಗವೇ ಎಲ್ಲಕ್ಕಿಂತ ತಗ್ಗಿನಲ್ಲಿರಬೇಕು, ಅದೂ ಕಾರ್ಬುರೇಟರಿಗಿಂತ ಮೇಲಿರಬೇಕು. ಟ್ಯಾಂಕು ಮುಂದಕ್ಕೆ ವಾಲಿದರೆ ಮುಂದೆ ಉಳಿದದ್ದು ಹಿಂದಿನ ಕಾಕಿಗೆ ಬರುವುದೇ ಇಲ್ಲ.

ಫ್ರೇಮು ಮುಟ್ಟದೆ ಟ್ಯಾಂಕು ಹಿಡಿಸಲು ಉಸ್ತಾದರು ಮಾಡಿದ್ದು ಸರಳ. ರಾಣಿಗಂಜ್‌ನಿಂದ ಮೂರು ಎಂ.ಎಂ. ಕಬ್ಬಿಣದ ಪಟ್ಟಿ, ಬೋಲ್ಟು, ದಪ್ಪ ರಬ್ಬರ್ ಷೀಟು ತಂದುಕೊಟ್ಟೆ. ಫ್ರೇಮಿನ ಬೆನ್ನನ್ನು ಮೇಲೊಂದು ಕೆಳಗೊಂದು ಪಟ್ಟಿಯಿಂದ ಅಪ್ಪಿ, ನಡುವೆ ರಬ್ಬರ್ ಕೊಟ್ಟು, ಎರಡು ಬದಿ ಬೋಲ್ಟು ಬಿಗಿದರು. ಆ ಪಟ್ಟಿಯ ಕಿವಿಗೆ ಟ್ಯಾಂಕಿನ ಮುಂದಿನ ಬೋಲ್ಟು. ಹಿಂದೆಯೂ ಅಂಥದೇ ಒಂದು, ಅದರ ಮೇಲೆ ಟ್ಯಾಂಕಿನ ನಾಲಿಗೆಯನ್ನು ಹಿಡಿಯುವ ರಬ್ಬರ್ ಪಟ್ಟಿ. ಹಿಂಭಾಗ ಬಿಗಿಯಾಗಿ ಬೋಲ್ಟು ಹಾಕಬಾರದಂತೆ. ಫ್ರೇಮು ಓಡುವಾಗ ತಿರುಚಿಕೊಳ್ಳುತ್ತದೆ, ಟ್ಯಾಂಕಿಗೆ ಆಡಲು ಜಾಗ ಬಿಡದಿದ್ದರೆ ತಗಡು ಜೋಡಣೆಯಲ್ಲೇ ಸೀಳುತ್ತದೆ. "ಬಿಗಿದಷ್ಟೂ ಒಡೆಯುತ್ತೆ ಸಾಬ್, ಹಿಡಿಬೇಕು ಅಷ್ಟೆ" ಅನ್ನುವ ಅರ್ಥದಲ್ಲಿ ಅವರು ಹೇಳಿದ್ದು ನಮ್ಮ ಬ್ರಾಂಚ್ ಮ್ಯಾನೇಜರುಗಳಿಗೆಲ್ಲ ಕೇಳಿಸಬೇಕಿತ್ತು!

ಉಳಿದದ್ದು ಕಾಕ್. ಅದನ್ನು ಸುಮಾರು ನಾಲ್ಕು ಸೆಂಟಿಮೀಟರ್ ಆಚೆ ಸರಿಸಬೇಕು. ಅಂದರೆ ಹಳೆಯ ತೂತು ಮುಚ್ಚಿ ಹೊಸದು ಕೊರೆದು ಹಿತ್ತಾಳೆ ಬೆಸುಗೆ ಹಾಕಬೇಕು. ಅಂದರೆ ಪೆಟ್ರೋಲ್ ಟ್ಯಾಂಕಿಗೆ ಬೆಂಕಿ ಹಿಡಿಯಬೇಕು.

ಇಲ್ಲಿ ಸ್ವಲ್ಪ ನಿಲ್ಲಿ. ಇಡೀ ಬರಹದಲ್ಲಿ ಒಂದು ಪ್ಯಾರಾ ಮಾತ್ರ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಉರಿಯುವುದು ಪೆಟ್ರೋಲಿನ ದ್ರವವಲ್ಲ, ಅದರ ಆವಿ. ಗಾಳಿಯಲ್ಲಿ ನೂರಕ್ಕೆ ಸುಮಾರು ಒಂದೂವರೆ ಪಾಲು ಆವಿ ಸೇರಿದರೆ ಸಾಕು, ಕಿಡಿ ಬಿದ್ದರೆ ಸಿಡಿಯುತ್ತದೆ. ತುಂಬಿದ ಟ್ಯಾಂಕಿನೊಳಗೆ ಗಾಳಿಗೆ ಜಾಗವಿಲ್ಲ, ಖಾಲಿ ಟ್ಯಾಂಕಿನೊಳಗೆ ಗಾಳಿಯೂ ಇದೆ, ಆವಿಯೂ ಇದೆ. ತುಕ್ಕಿನ ಪದರದೊಳಗೆ, ಮಡಿಕೆಯೊಳಗೆ ಪೆಟ್ರೋಲು ವರ್ಷಗಟ್ಟಲೆ ಅಡಗಿರುತ್ತದೆ. ಬೆಂಕಿಯ ಬಿಸಿಗೆ ಅದು ಹೊರಬರುತ್ತದೆ. "ಖಾಲಿ ಟಂಕಿ ಬಾಂಬ್ ಹೈ ಸಾಬ್" ಅಂದರು ಉಸ್ತಾದರು. ಅವರ ಎಡ ಮುಂಗೈ ಮೇಲೆ ಮೊಣಕೈವರೆಗೂ ಸುಟ್ಟ ಕಲೆ ಇದೆ. ಹುಡುಗರಾಗಿ ಕೆಲಸ ಕಲಿಯುತ್ತಿದ್ದಾಗ ಪಕ್ಕದವನು ತೊಳೆಯದ ಟ್ಯಾಂಕಿಗೆ ಗ್ಯಾಸ್ ಹಿಡಿದದ್ದಂತೆ. ಪಕ್ಕದವನ ವಿಷಯ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಅದಕ್ಕೇ ಮೊದಲು ತೊಳೆಯುವ ಕೆಲಸ. ಬಿಸಿ ನೀರು, ಬಟ್ಟೆ ತೊಳೆಯುವ ಪುಡಿ, ಒಂದು ಹಿಡಿ ನಟ್ಟುಗಳು ಒಳಗೆ ಹಾಕಿ ಕುಲುಕುವುದು, ಚೆಲ್ಲುವುದು. ಹೀಗೆ ಎಂಟು ಸಲ. ಆಮೇಲೆ ಒಂದು ವಾರ ಬಾಯಿ ತೆರೆದು ಬಿಸಿಲಿಗೆ. ಮತ್ತೆ ತೊಳೆಯುವುದು. ತುಕ್ಕು ತೆಗೆಯಲು ವಿದ್ಯುತ್ತಿನ ದಾರಿ ಹಿಡಿದೆವು. ಟ್ಯಾಂಕಿನ ತುಂಬ ನೀರು, ಅದಕ್ಕೆ ವಾಷಿಂಗ್ ಸೋಡಾ, ಬಾಯಿಂದ ಒಳಗೆ ಇಳಿಬಿಟ್ಟ ಒಂದು ಕಬ್ಬಿಣದ ಸರಳು. ಬ್ಯಾಟರಿ ಚಾರ್ಜರಿನ ಪ್ಲಸ್ ಸರಳಿಗೆ, ಮೈನಸ್ ಟ್ಯಾಂಕಿಗೆ. ಸರಳು ಟ್ಯಾಂಕಿಗೆ ತಾಗಬಾರದು. ಸ್ಟೇನ್‌ಲೆಸ್ ಸ್ಟೀಲ್ ಸರಳು ಬೇಡವೇ ಬೇಡ, ಅದರಿಂದ ವಿಷದ ಕ್ರೋಮಿಯಂ ನೀರಿಗೆ ಬಿಡುತ್ತದೆ. ಹೈಡ್ರೋಜನ್ ಗುಳ್ಳೆ ಏಳುವುದರಿಂದ ಮುಚ್ಚಿದ ಕೋಣೆಯಲ್ಲೂ ಮಾಡಬಾರದು. ನಾನು ಅಪಾರ್ಟ್‌ಮೆಂಟಿನ ಟೆರೇಸಿನಲ್ಲಿ ಇಟ್ಟೆ. ಒಂದೊಂದು ಮಗ್ಗುಲಿಗೂ ಒಂದೊಂದು ದಿನ. ಕೆಳಗೆ ಸೆಲ್ಲಾರಿನ ವಾಚ್‌ಮನ್ ಮೇಲೆ ಬಂದು ನೋಡಿ, "ಸಾರು ಟ್ಯಾಂಕಿಗೆ ಡಯಾಲಿಸಿಸ್ ಮಾಡ್ತಿದಾರೆ" ಅಂತ ಬಿಲ್ಡಿಂಗಿಗೆಲ್ಲ ಸುದ್ದಿ ಮಾಡಿದ.

ಬೆಸುಗೆಯ ದಿನ ಉಸ್ತಾದರು ಟ್ಯಾಂಕನ್ನು ಕಾಕಿನ ಜಾಗ ಮೇಲೆ ಬರುವಂತೆ ಓರೆಯಾಗಿಟ್ಟು, ಬೆಸುಗೆಯ ಜಾಗಕ್ಕಿಂತ ಸ್ವಲ್ಪವೇ ಕೆಳಗಿನವರೆಗೆ ನೀರು ತುಂಬಿದರು. ಒಳಗೆ ಆವಿಗೆ ಜಾಗವೇ ಇರಬಾರದು. ಉಳಿದ ಅಂಗೈಯಷ್ಟು ಜಾಗಕ್ಕೆ ಹೊರಹೋಗುವ ದಾರಿ ತೆರೆದೇ ಇರಬೇಕು. "ಪಾನಿ ಬಿಮಾ ಹೈ" ಅಂದರು, ನೀರೇ ಇನ್ಶೂರೆನ್ಸು. ಕೆಲಸದ ಹುಡುಗನನ್ನು ಬೀದಿಯ ಆಚೆ ಚಹಾ ತರಲು ಕಳಿಸಿದರು. ಚಹಾ ಬೇಕಾಗಿತ್ತು ಅಂತಲ್ಲ. ನನ್ನನ್ನೂ ಗೋಡೆಯ ಹಿಂದೆ ನಿಲ್ಲಿಸಿದರು. ಹಿತ್ತಾಳೆ ಕಡ್ಡಿ ಕರಗಿ ಹೊಳೆಯುತ್ತ ಹರಿದದ್ದು ನಾಲ್ಕೈದು ನಿಮಿಷವಿರಬಹುದು. ಕ್ಯಾಷ್ ಷಾರ್ಟೇಜ್ ಬಂದ ಸಂಜೆಗಳಲ್ಲೂ ನನ್ನ ಅಂಗೈ ಅಷ್ಟು ಬೆವೆತಿರಲಿಲ್ಲ.

ಆಮೇಲೆ ಪರೀಕ್ಷೆ. ಎಲ್ಲ ಬಾಯಿ ಮುಚ್ಚಿ, ಸೈಕಲ್ ಪಂಪಿನಿಂದ ಸ್ವಲ್ಪವೇ ಗಾಳಿ, ಎರಡು ಮೂರು ಪಿ.ಎಸ್.ಐ. ಅಷ್ಟೇ. ಹೆಚ್ಚು ಹಾಕಿದರೆ ಟ್ಯಾಂಕು ಬಲೂನಿನ ಹಾಗೆ ಉಬ್ಬಿ ಹಾಳಾಗುತ್ತದೆ. ನೀರಿನ ಟಬ್ಬಿನಲ್ಲಿ ಮುಳುಗಿಸಿದಾಗ ಹೊಸ ಬೆಸುಗೆ ಗಟ್ಟಿಯಿತ್ತು, ಹಳೆಯ ಜೋಡಣೆಯಲ್ಲಿ ಒಂದು ಕಡೆ ಮುತ್ತಿನಂಥ ಗುಳ್ಳೆ ಎದ್ದಿತು. ಮತ್ತೆ ನೀರು ತುಂಬಿ ಮತ್ತೆ ಬೆಸುಗೆ. ಭಾವ ಫೋನಿನಲ್ಲೇ ಗುಳ್ಳೆಯ ಲೆಕ್ಕ ಕೇಳುತ್ತಿದ್ದರು.

ಅಳತೆಯ ಕೆಲಸ ಮಾತ್ರ ನನ್ನದು. ಪೆಟ್ರೋಲು ಲೀಟರ್ ಲೀಟರಾಗಿ ಹಾಕಿ, ಕಾಕ್ ಮೈನ್‌ನಲ್ಲಿಟ್ಟು ಪೂರ್ತಿ ಇಳಿಸಿದೆ. ಒಳಗೆ ಉಳಿದದ್ದು ಒಂದೂಮುಕ್ಕಾಲು ಲೀಟರ್. ರಿಸರ್ವ್‌ಗೆ ತಿರುಗಿಸಿದರೆ ಇಳಿದದ್ದು ಒಂದೂಕಾಲು. ಇನ್ನರ್ಧ ಲೀಟರ್ ಕಾಲುವೆಯ ಆಚೆ ಮಗ್ಗುಲಲ್ಲಿ ಸಿಕ್ಕಿಕೊಂಡಿತ್ತು. ನಮ್ಮ ಭಾಷೆಯಲ್ಲಿ ಅದು ಎನ್‌ಪಿಎ, ಪುಸ್ತಕದಲ್ಲಿದೆ, ಕೈಗೆ ಬರುವುದಿಲ್ಲ! ಗಾಡಿಯನ್ನು ಕಾಕಿನ ಕಡೆಗೆ ಚೆನ್ನಾಗಿ ವಾಲಿಸಿದರೆ ಅದು ಈಚೆ ದಾಟುತ್ತದೆ. ಹಳೆಯ ಬೈಕಿನವರು ದಾರಿಯಲ್ಲಿ ಗಾಡಿ ಮಲಗಿಸಿ ಎಬ್ಬಿಸುವುದು ಇದಕ್ಕೇ.

ಇನ್ನೊಂದು ಮಾತು, ಈಗಿನ ಪೆಟ್ರೋಲಿನದು. 2023ರಿಂದ ಶೇಕಡಾ 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲು ಬರತೊಡಗಿತು, 2025ರ ಹೊತ್ತಿಗೆ ಅದೇ ಎಲ್ಲ ಕಡೆಯದಾಯಿತು. ಮಂಡ್ಯದ ಕಬ್ಬು ಮೈಸೂರಿನ ಗಾಡಿಯ ಹೊಟ್ಟೆಗೆ ಬರುವುದು ಸಂತೋಷವೇ. ಆದರೆ ಎಥನಾಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಗಾಡಿ ತಿಂಗಳುಗಟ್ಟಲೆ ನಿಂತರೆ ನೀರು ಬೇರ್ಪಟ್ಟು ತಳ ಸೇರುತ್ತದೆ, ತುಕ್ಕು ಹಿಡಿಯುತ್ತದೆ. ಹಳೆಯ ರಬ್ಬರ್ ಪೈಪು, ವಾಷರುಗಳು ಉಬ್ಬಿ ಮೆದುವಾಗುತ್ತವೆ. ಹಾಗಾಗಿ ಎಥನಾಲ್ ತಡೆಯುವ ಪೈಪು ಹಾಕಿಸಿದೆ. ನಿಲ್ಲಿಸುವಾಗ ಟ್ಯಾಂಕು ಖಾಲಿ ಮಾಡಿ ಒಳಗೆ ಎಣ್ಣೆ ಸವರುವುದು ಅಂತ ತೀರ್ಮಾನ. ಟೂ ಸ್ಟ್ರೋಕಾದ್ದರಿಂದ ಎಣ್ಣೆ ಪೆಟ್ರೋಲಿಗೇ ಬೆರೆಸಬೇಕು. ಹಳೆಯ ಲೆಕ್ಕ 25ಕ್ಕೆ 1, ಲೀಟರಿಗೆ 40 ಎಂ.ಎಲ್.

ಭಾವ, ಅಕ್ಕ ಕಾಚಿಗುಡ ಸ್ಟೇಷನ್ನಿನಲ್ಲಿ ಇಳಿದದ್ದು ಒಂದು ಶನಿವಾರ. ಅಳಿಯನೂ ಬೆಂಗಳೂರಿನಿಂದ ಬಂದ. ಭಾವ ಕಾಫಿ ಕುಡಿದು ನೇರ ಸೆಲ್ಲಾರಿಗೆ ಇಳಿದರು. ಎಲ್ಲರೂ ಟ್ಯಾಂಕಿನ ಮೇಲೆ ಕೈ ಸವರುತ್ತಾರೆ. ಇವರು ಕೈ ಹಾಕಿದ್ದು ಟ್ಯಾಂಕಿನ ಕೆಳಗೆ. ಪಟ್ಟಿ, ರಬ್ಬರು, ಬೋಲ್ಟಿನ ತಲೆ ಒಂದೊಂದನ್ನೇ ಬೆರಳಲ್ಲಿ ಮುಟ್ಟಿ ಎಣಿಸಿದರು. ಫ್ರೇಮಿನ ಲಗ್ ಹುಡುಕಿ ಅದರ ಅಂಚು ಸವರಿದರು.

"ಕತ್ತರಿಸಿಲ್ಲ."

"ಇಲ್ಲ ಭಾವ."

"ಬಿಚ್ಚಕ್ಕೆ ಎಷ್ಟೊತ್ತು?"

"ಹತ್ತು ನಿಮಿಷ. ಎರಡು ಸ್ಪ್ಯಾನರ್ ಸಾಕು."

ಮಗನ ಕಡೆ ತಿರುಗಿ, "ಕೇಳುಸ್ಕೊಂಡ್ಯಾ? ಹತ್ತು ನಿಮಿಷ ಅಂತೆ. ನಾನು ಹೋದ್ಮೇಲೆ ಬಿಚ್ಚಿ ನಿನ್ನ ನಂಬರ್ ಹಾಕ್ಸ್ಕೋ" ಅಂದರು. ಅವನು ನಕ್ಕ, ಆದರೆ ಪೂರ್ತಿ ನಗಲಿಲ್ಲ. "ನೀವಿದ್ದಾಗ್ಲೇ ಹಾಕ್ಸ್ತೀನಿ ಅಪ್ಪ, ಅವಸರ ಇಲ್ಲ" ಅಂದ. ಮಾತು ಬಿಟ್ಟಿದ್ದ ಇಬ್ಬರೂ ಮಾತಾಡಿದ್ದು ಇಷ್ಟೇ, ನಮ್ಮ ಅಕ್ಕನಿಗೆ ಅಷ್ಟು ಸಾಕಾಯಿತು.

ಮಾರನೇ ದಿನ ಬೆಳಗಿನ ಆರಕ್ಕೆ ವಿದ್ಯಾನಗರದಿಂದ ಉಸ್ಮಾನಿಯಾ ಯೂನಿವರ್ಸಿಟಿಯೊಳಗೆ, ಆರ್ಟ್ಸ್ ಕಾಲೇಜಿನ ಮುಂದಿನವರೆಗೆ ಹೋಗಿ ಬಂದೆವು. ಆರ್.ಸಿ., ಇನ್ಶೂರೆನ್ಸು ಚಾಲ್ತಿಯಲ್ಲಿವೆ. ಬೇರೆ ರಾಜ್ಯದ ಗಾಡಿ ಇಲ್ಲಿ 12 ತಿಂಗಳವರೆಗೆ ಹೊಸ ನಂಬರಿಲ್ಲದೆ ಇರಬಹುದು, ಅದಕ್ಕೆ ಮೊದಲೇ ಅದು ಮೈಸೂರಿಗೆ ವಾಪಸಾಗುತ್ತದೆ. ಬ್ಯಾಂಕಿನವನಲ್ಲವೇ, ಇದೆಲ್ಲ ನೋಡಿಕೊಂಡೇ ಹೊರಟದ್ದು. ಭಾವ ದಾರಿಯುದ್ದಕ್ಕೂ ಒಂದೇ ಮಾತಾಡಿದರು: "ಮೂರಕ್ಕೆ ಹಾಕು, ಎಳೀತಿದೆ."

ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದಲ್ಲಿ ಸಿಕ್ಕ ಹಿರಿಯ ಗೆಳೆಯರೊಬ್ಬರಿಗೆ ಈ ಕತೆ ಹೇಳಿದಾಗ, "ನಾವೂ ಹಾಗೇ ಅಲ್ವೇನ್ರೀ, ಊರು ಬಿಟ್ಟೋರು" ಅಂದರು. ಇರಬಹುದು. ಮೂವತ್ತು ವರ್ಷದಲ್ಲಿ ಇಲ್ಲಿನ ಊಟ, ಮಾತು, ಬಿಸಿಲು ಎಲ್ಲವನ್ನೂ ಹಾಕಿಸಿಕೊಂಡಿದ್ದೇನೆ. ತೆಲುಗಲ್ಲಿ ಜಗಳ ಆಡುತ್ತೇನೆ, ದಖ್ಖನಿಯಲ್ಲಿ ಚೌಕಾಸಿ ಮಾಡುತ್ತೇನೆ. ಲೆಕ್ಕ ಕೂಡುವಾಗ ಮಾತ್ರ ಇವತ್ತಿಗೂ ಬಾಯಲ್ಲಿ ಬರುವುದು ಒಂದು, ಎರಡು, ಮೂರು. ಅದಕ್ಕೆ ಯಾರೂ ಗರಗಸ ಹಾಕಿಲ್ಲ.

ಕೊನೆಯದಾಗಿ ಮಾಡಿದ ಕೆಲಸ ಇದು. ಬ್ಯಾಂಕಿನಲ್ಲಿ ವರ್ಗವಾದಾಗ ಮುಂದಿನವನಿಗೆ ಚಾರ್ಜ್ ಒಪ್ಪಿಸುವ ಪಟ್ಟಿ ಬರೆಯುತ್ತೇವಲ್ಲ, ಹಾಗೇ ಒಂದು ಕಾಗದ ಬರೆದೆ. ಯಾವ ಬೋಲ್ಟು ಯಾವ ಅಳತೆ, ಯಾವ ಪಟ್ಟಿ ಎಲ್ಲಿ, ಬೆಸುಗೆ ಎಲ್ಲೆಲ್ಲಿ ಆಗಿದೆ, ಹಳೆಯ ಟ್ಯಾಂಕು ಈಗ ಯಾರ ಬಳಿ ರಿಪೇರಿಗಿದೆ, ರಿಸರ್ವ್ ಎಷ್ಟು. ತಾರೀಖು, ಸಹಿ ಹಾಕಿ ಪ್ಲಾಸ್ಟಿಕ್ ಕವರಿಗೆ ಸೇರಿಸಿ ಟೂಲ್ ಬಾಕ್ಸಿನಲ್ಲಿಟ್ಟಿದ್ದೇನೆ. ಹಳೆಯ ಗಾಡಿಗೆ ಏನೇ ಬದಲಾವಣೆ ಮಾಡಿದರೂ ಇದೊಂದು ಮಾಡಿ. ಐವತ್ತು ವರ್ಷ ಬಾಳಿದ ಗಾಡಿ ಇನ್ನಷ್ಟು ವರ್ಷ ಬಾಳಬಹುದು. ಆಗ ಅದನ್ನು ಬಿಚ್ಚಲು ಕೂತವನಿಗೆ ನಾವು ಯಾರೂ ಫೋನಿಗೆ ಸಿಗುವುದಿಲ್ಲ.